‘ಜ್ಞಾಪಕಶಕ್ತಿ ಕಮ್ಮಿ’ ಅಂತೀವಲ್ಲ, ಯಾವ ಜ್ಞಾಪಕ?

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಾ ಇದ್ಯಾ? ಸರಿ. ಈಗ ಆಚೆ ಕಾಫಿ ಕುಡೀತಾ ನಿಂತಿದ್ದಾಗ ಒಬ್ರು ತಾಯಿ ಬಂದು, ಸಾರ್ ನಮ್ಮ ಹುಡುಗಂಗೆ ಜ್ಞಾಪಕಶಕ್ತೀನೇ ಇಲ್ಲ, ಓದಿದ್ದು ಒಂದೂ ತಲೇಲಿ ನಿಲ್ಲಲ್ಲ, ಆದ್ರೆ ಯಾವ್ದೋ ಹಳೇ ಮ್ಯಾಚಲ್ಲಿ ಯಾರು ಎಷ್ಟು ರನ್ ಹೊಡೆದ್ರು ಅಂತ ಕೇಳಿ, ಪಟಪಟ ಹೇಳ್ತಾನೆ ಅಂದ್ರು. ಇವತ್ತಿನ ನನ್ನ ಮಾತೆಲ್ಲ ಆ ಕಂಪ್ಲೇಂಟ್ ಸುತ್ತಾನೇ ಅಂದ್ಕೊಳ್ಳಿ. ಯಾಕಂದ್ರೆ ಜ್ಞಾಪಕ ಅನ್ನೋದು ಸಂಪಲ್ಲಿರೋ ನೀರಿನ ಥರ, ಕೆಲವ್ರಿಗೆ ತುಂಬಿದೆ ಕೆಲವ್ರಿಗೆ ತಳ ಕಾಣ್ತಿದೆ ಅಂತ ನಾವು ಅಂದ್ಕೊಂಡಿದೀವಿ, ಅದು ಹಾಗಲ್ಲ ಅಂತ ಗಟ್ಟಿಯಾಗಿ ತೋರ್ಸೋಕೆ ಸೈಕಾಲಜಿಯವ್ರಿಗೇ ಎಪ್ಪತ್ತು ಚಿಲ್ಲರೆ ವರ್ಷ ಹಿಡೀತು.

ಶುರು ಮಾಡಿದ್ದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಪ್ಯಾರಿಸ್ಸಲ್ಲಿ ಹಳೇ ಪುಸ್ತಕದ ಅಂಗಡೀಲಿ ಫೆಕ್ನರ್ ಅನ್ನೋರ ಪುಸ್ತಕ ಕೈಗೆ ಸಿಕ್ತು ಅಂತಾರೆ, ಬೆಳಕು ಭಾರ ಇಂಥ ಅನುಭವಗಳನ್ನ ಲೆಕ್ಕದಲ್ಲಿ ಅಳೆಯೋ ಪುಸ್ತಕ, ಅದನ್ನ ಓದಿ ಇವ್ರಿಗೆ ಹಾಗಾದ್ರೆ ನೆನಪನ್ನೂ ಅಳೀಬಹುದಲ್ಲ ಅನ್ನಿಸ್ತು. ಆದ್ರೆ ಲ್ಯಾಬಿಲ್ಲ, ವಿದ್ಯಾರ್ಥಿಗಳಿಲ್ಲ, ಸರಿ ಅಂತ ತಮ್ಮ ಮೇಲೇ ಪ್ರಯೋಗ ಮಾಡ್ಕೊಂಡ್ರು. ಸುಮಾರು 2300 ಅರ್ಥವಿಲ್ಲದ ತುಣುಕು ಶಬ್ದ ಮಾಡ್ಕೊಂಡು, ನಮ್ಮಲ್ಲಾದ್ರೆ ಝುಪ್, ಮೆಗ್, ಟಾಜ್ ಅಂತೀವಲ್ಲ ಆ ಥರದ್ದು, ನಿಮಿಷಕ್ಕೆ 150ರ ವೇಗದಲ್ಲಿ ಗಡಿಯಾರದ ಟಿಕ್ ಟಿಕ್‌ಗೆ ಸರಿಯಾಗಿ ಓದೋದು, ತಪ್ಪಿಲ್ದೆ ಬರೋವರೆಗೂ ಉರು ಹೊಡೆಯೋದು, ಮರ್ತಾದ್ಮೇಲೆ ಮತ್ತೆ ಅದನ್ನೇ ಉರು ಹೊಡೆಯೋದು. ಇದನ್ನ ವರ್ಷಗಟ್ಟಲೆ ಮಾಡಿದ್ರು! ನನಗಂತೂ ಇಷ್ಟು ಬೇಜಾರಿನ ಕೆಲಸ ಇನ್ನೊಂದು ಗೊತ್ತಿಲ್ಲ.

ಆದ್ರೆ ಅಳತೆ ಮಾಡಿದ ರೀತಿ ನೋಡಿ, ಅಲ್ಲಿದೆ ಬುದ್ಧಿವಂತಿಕೆ. ‘ನೆನಪಿದ್ಯಾ ಇಲ್ವಾ’ ಅಂತ ಕೇಳ್ಕೊಳ್ಲಿಲ್ಲ. ಮೊದಲ್ನೇ ಸಲ ಒಂದು ಪಟ್ಟಿ ಬಾಯಿಪಾಠ ಆಗೋಕೆ 20 ನಿಮಿಷ ಹಿಡೀತು, ನಾಳೆ ಅದೇ ಪಟ್ಟಿ 13 ನಿಮಿಷಕ್ಕೇ ಬಂತು ಅಂದ್ಕೊಳ್ಳಿ, 7 ನಿಮಿಷ ಉಳೀತು ತಾನೆ, ಆ ಉಳಿತಾಯಾನೇ ನೆನಪು ಅಂದ್ರು. ಅಂದ್ರೆ ಒಂದು ಅಕ್ಷರಾನೂ ಬಾಯಿಗೆ ಬರ್ದೇ ಇದ್ರೂ ಒಳಗೆಲ್ಲೋ ಏನೋ ಕೂತಿದೆ ಅಂತಾಯ್ತು. ಈ ಮಾತು ಸ್ವಲ್ಪ ಇಟ್ಕೊಂಡಿರಿ, ಆಮೇಲೆ ಬೇಕಾಗುತ್ತೆ. ಕಲಿತು 20 ನಿಮಿಷ ಬಿಟ್ಟು ನೋಡಿದ್ರೆ 58 ಪರ್ಸೆಂಟ್ ಉಳಿತಾಯ, ಒಂದು ಗಂಟೆಗೆ 44, ಒಂದು ದಿನಕ್ಕೆ 34, ಆದ್ರೆ 31 ದಿನ ಬಿಟ್ಟು ನೋಡಿದ್ರೂ 21 ಇತ್ತು! ಸೋರೋದ್ರಲ್ಲಿ ಹೆಚ್ಚು ಪಾಲು ಮೊದಲ್ನೇ ಗಂಟೇಲೇ ಸೋರಿಹೋಗುತ್ತೆ, ಮಿಕ್ಕಿದ್ದು ನಿಧಾನ. 1885ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ್ರು. ಒಬ್ಬನೇ ಮನುಷ್ಯನ ಲೆಕ್ಕ ಅಂತ ಆಡ್ಕೊಂಡೋರು ಬೇಕಾದಷ್ಟು ಜನ, ಆದ್ರೆ 2015ರಲ್ಲಿ ಆಮ್‌ಸ್ಟರ್‌ಡ್ಯಾಮಲ್ಲಿ ಇಬ್ರು ಸಂಶೋಧಕರು ಇದೇ ಪ್ರಯೋಗಾನ ಹೊಸದಾಗಿ ಮಾಡಿದಾಗ್ಲೂ ಮರೆವಿನ ಗ್ರಾಫ್ ಹೆಚ್ಚುಕಮ್ಮಿ ಅದೇ ಬಂತು.

ಅಮ್ಮಾ, ನಿಮ್ಮ ಹುಡುಗನ ವಿಷ್ಯ ಇಲ್ಲಿ ಬರುತ್ತೆ. ಎಬ್ಬಿಂಗ್‌ಹೌಸ್ ಬೈರನ್ ಕವಿಯ ಪದ್ಯಾನೂ ಬಾಯಿಪಾಠ ಮಾಡಿ ನೋಡಿದ್ರು, ಅರ್ಥ ಇರೋ ಪದ್ಯಕ್ಕೆ ಹತ್ತರಲ್ಲಿ ಒಂದು ಪಾಲು ಶ್ರಮ ಸಾಕಾಯ್ತು. ಕ್ರಿಕೆಟ್ ಸ್ಕೋರು ಅವನಿಗೆ ಬೈರನ್ ಪದ್ಯ, ಪಾಠದ ಪುಸ್ತಕ ಝುಪ್ ಮೆಗ್ ಟಾಜ್, ಅಷ್ಟೆ. ಇನ್ನೊಂದು, ಒಂದೇ ದಿನ ಕೂತು 68 ಸಲ ಓದಿದ್ದೂ ಮೂರು ದಿನಕ್ಕೆ ಹಂಚಿ 38 ಸಲ ಓದಿದ್ದೂ ಹೆಚ್ಚುಕಮ್ಮಿ ಒಂದೇ ಅಂತ ಅವ್ರೇ ತೋರಿಸಿದ್ರು, ಪರೀಕ್ಷೆ ಹಿಂದಿನ ರಾತ್ರಿ ಕೂರೋರು ಬರ್ಕೊಳ್ಳಿ.

ಮಧ್ಯದ ಕಥೆ ಓಡಿಸ್ಕೊಂಡು ಹೋಗ್ತೀನಿ. ಕೇಂಬ್ರಿಡ್ಜಿನ ಬಾರ್ಟ್ಲೆಟ್ 1932ರಲ್ಲಿ ಬರೆದ್ರು, ಇಂಗ್ಲೆಂಡಿನವ್ರಿಗೆ ಉತ್ತರ ಅಮೆರಿಕದ ಮೂಲನಿವಾಸಿಗಳ ಒಂದು ಕಥೆ ಓದೋಕೆ ಕೊಟ್ಟು ಆಮೇಲೆ ಹೇಳಿಸಿದ್ರೆ ಸೀಲ್ ಅನ್ನೋ ಕಡಲಪ್ರಾಣಿಯ ಬೇಟೆ ಹೋಗಿ ಮೀನು ಹಿಡಿಯೋದಾಗಿತ್ತಂತೆ, ಅಂದ್ರೆ ನಾವು ನೆನಪನ್ನ ಎತ್ಕೊಡಲ್ಲ, ಹೊಸದಾಗಿ ಕಟ್ತೀವಿ. ಒಂದೇ ಸಲಕ್ಕೆ ತಲೇಲಿ ಹಿಡ್ಕೊಳ್ಳೋಕಾಗೋದು ಏಳು ವಿಷ್ಯ, ಎರಡು ಹೆಚ್ಚುಕಮ್ಮಿ ಅನ್ನೋ ಜಾರ್ಜ್ ಮಿಲ್ಲರ್ ಅವ್ರ ಲೆಕ್ಕ 1956ದು, ಅದು ನಿಮ್ಮೆಲ್ಲರಿಗೂ ಗೊತ್ತಿರುತ್ತೆ ಬಿಡಿ.

ಆದ್ರೆ ಸಂಪಿನ ಲೆಕ್ಕಾಚಾರ ಒಡೆದುಹೋಗಿದ್ದು ಒಬ್ಬ ರೋಗಿಯಿಂದ. ಅಮೆರಿಕದ ಹಾರ್ಟ್‌ಫರ್ಡಲ್ಲಿ ಹೆನ್ರಿ ಮೊಲೈಸನ್ ಅನ್ನೋ 27 ವರ್ಷದವ್ರಿಗೆ ಮೂರ್ಛೆರೋಗ ವಿಪರೀತ ಆಗಿ, 1953ರಲ್ಲಿ ಸ್ಕೋವಿಲ್ ಅನ್ನೋ ಸರ್ಜನ್ ಮೆದುಳಿನ ಎರಡೂ ಕಡೆಯಿಂದ ಹಿಪೊಕ್ಯಾಂಪಸ್ ಅನ್ನೋ ಒಳಭಾಗದ ದೊಡ್ಡ ಪಾಲು, ಅದರ ಅಕ್ಕಪಕ್ಕದ್ದೂ ಸೇರಿ, ತೆಗೆದುಬಿಟ್ರು. ಫಿಟ್ಸ್ ಕಮ್ಮಿ ಆಯ್ತು. ಆದ್ರೆ ಹೊಸದಾಗಿ ಏನು ನಡೆದ್ರೂ ತಲೇಲಿ ಉಳಿಯೋದು ನಿಂತುಹೋಯ್ತು. ಮಾಂಟ್ರಿಯಲ್ಲಿಂದ ಬ್ರೆಂಡಾ ಮಿಲ್ನರ್ ಅನ್ನೋ ಸೈಕಾಲಜಿಸ್ಟ್ 1955ರ ಏಪ್ರಿಲಲ್ಲಿ ಟೆಸ್ಟ್ ಮಾಡೋಕೆ ಬಂದಾಗ ಇವತ್ತು ಯಾವ ತಾರೀಖು ಅಂದ್ರೆ 1953ರ ಮಾರ್ಚ್ ಅಂದ್ರು, ವಯಸ್ಸು ಕೇಳಿದ್ರೆ 27. ಬುದ್ಧಿಗೇನೂ ಆಗಿರ್ಲಿಲ್ಲ, ಐಕ್ಯೂ 112 ಇತ್ತು. ಒಂದ್ಸಲ 584 ಅನ್ನೋ ನಂಬರ್ ನೆನಪಿಟ್ಕೊಳ್ಳಿ ಅಂದಾಗ ಎಂಟು ನೆನಪಿಟ್ಕೊಂಡ್ರೆ ಸಾಕು, ಮೂರೂ ಕೂಡಿದ್ರೆ 17, ಎಂಟು ಕಳೆದ್ರೆ ಒಂಬತ್ತು, ಅದನ್ನ ಒಡೆದ್ರೆ ಐದು ನಾಲ್ಕು ಅಂತ ಲೆಕ್ಕ ಹಾಕ್ಕೊಂಡು ಕಾಲು ಗಂಟೆ ಹಿಡ್ಕೊಂಡಿದ್ರು. ಗಮನ ಬೇರೆ ಕಡೆ ಹೋಗಿದ್ದೇ ತಡ, ನಂಬರ್ ಹೋಗ್ಲಿ, ನಂಬರ್ ಕೊಟ್ಟಿದ್ರು ಅನ್ನೋದೇ ಮರ್ತುಹೋಯ್ತು. ಹಿಡ್ಕೊಳ್ಳೋದು ಬೇರೆ, ಇಟ್ಕೊಳ್ಳೋದು ಬೇರೆ ಅಂತ ಇದಕ್ಕಿಂತ ಚೆನ್ನಾಗಿ ತೋರ್ಸೋಕೆ ಆಗಲ್ಲ.

ಆಮೇಲೆ ಮಿಲ್ನರ್ ಇನ್ನೊಂದು ಕೆಲಸ ಕೊಟ್ರು. ಕಾಗದದ ಮೇಲೆ ಒಂದು ನಕ್ಷತ್ರ, ಒಳಗೊಂದು ಹೊರಗೊಂದು ಎರಡು ಗೆರೆ, ಆ ಸಂದೀಲಿ ಪೆನ್ಸಿಲ್ ಓಡಿಸ್ಬೇಕು, ಆದ್ರೆ ಕೈ ನೇರ ಕಾಣಲ್ಲ, ಕನ್ನಡೀಲಿ ನೋಡ್ಕೊಂಡೇ ಬರೀಬೇಕು. ಮನೇಲಿ ಮಾಡಿ ನೋಡಿ, ಮೊದಲ್ನೇ ಸಲ ಎಲ್ಲರ ಕೈನೂ ಉಲ್ಟಾ ಓಡುತ್ತೆ. ಹೆನ್ರಿ ಮೂರು ದಿನದಲ್ಲಿ 30 ಸಲ ಮಾಡಿದ್ರು. ದಿನದಿನಕ್ಕೂ ತಪ್ಪು ಕಮ್ಮಿ ಆಗ್ತಾ ಬಂತು, ನಿಮ್ಮ ನಮ್ಮ ಥರಾನೇ. ನಾವು ಕನ್ನಡದಲ್ಲಿ ಕೈ ಪಳಗಿದೆ ಅಂತೀವಲ್ಲ, ಸಂಶೋಧನೆಗೆ ಇದು ಗೊತ್ತಾಗೋಕೆ 1962 ಆಗ್ಬೇಕಾಯ್ತು, ಆ ಪಳಗೋದು ಮೆದುಳಲ್ಲಿ ಬೇರೇನೇ ದಾರಿ ಹಿಡಿಯುತ್ತೆ. ಎಬ್ಬಿಂಗ್‌ಹೌಸ್ ಉಳಿತಾಯ ನೆನಪಾಯ್ತಾ? ಬಾಯಿಗೆ ಬರ್ದಿದ್ರೂ ಒಳಗಿರುತ್ತೆ ಅನ್ನೋದು?

ಹೆನ್ರಿ 2008ರಲ್ಲಿ ತೀರ್ಕೊಂಡ್ರು, ಅಲ್ಲಿವರೆಗೂ ಸಂಶೋಧನಾ ಲೇಖನಗಳಲ್ಲೆಲ್ಲ ಅವ್ರ ಹೆಸರು ಬರೀ ಎಚ್.ಎಂ. ಅಂತ ಇತ್ತು. ಆಮೇಲೆ ಅವ್ರ ಮೆದುಳನ್ನ ಸ್ಯಾನ್ ಡಿಯಾಗೋದಲ್ಲಿ 2401 ತೆಳು ಪದರ ಮಾಡಿದ್ರು. ಆದ್ರೆ ನನಗೆ ಕಣ್ಮುಂದೆ ಬರೋದು ಆ ಮೂರನೇ ದಿನ. ಗೆರೆ ನೀಟಾಗಿ ಬಂದಿದೆ, ಕೈ ಎಲ್ಲೂ ತಡವರಿಸಿಲ್ಲ, ಆದ್ರೆ ಹೆನ್ರಿಯವ್ರಿಗೆ ಆ ಆಟಾನ ಹಿಂದೆ ಒಂದು ಸಲಾನಾದ್ರೂ ಆಡಿದ ನೆನಪೇ ಇಲ್ಲ.