ಒಡೆಯದ ಪಿನ್ ಕೋಡ್

ಕೇಳುಗರೆಲ್ಲರಿಗೂ ನಮಸ್ಕಾರ.

ಉಡುಪಿ ಪ್ರಧಾನ ಅಂಚೆ ಕಚೇರಿಯ ಪಿನ್ ಕೋಡ್ 576101. ಮದುವೆ ಕಾಗದದ ಮೇಲೆ, ಬ್ಯಾಂಕಿನ ಅರ್ಜಿಯಲ್ಲಿ ಎಷ್ಟೋ ಸಲ ಬರೆದಿರುತ್ತೇವೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ವ್ಯವಸ್ಥೆ ಇದು. ಕೊನೆಯ ಮೂರು ಅಂಕಿ ಯಾವ ಅಂಚೆ ಕಚೇರಿ ಎಂದು ಹೇಳುತ್ತವೆ. ಅಂಚೆಯವರಿಗೆ ಅಷ್ಟು ಸಾಕು. ಇವತ್ತು ವಿಳಾಸ ಬದಿಗಿಟ್ಟು ಬರೀ ಸಂಖ್ಯೆಯನ್ನು ನೋಡೋಣ: ಐದು ಲಕ್ಷದ ಎಪ್ಪತ್ತಾರು ಸಾವಿರದ ನೂರ ಒಂದು.

ಶೇಷ ಉಳಿಯದಂತೆ ಇದನ್ನು ಯಾವುದರಿಂದ ಭಾಗಿಸಬಹುದು? ಕೊನೆಯ ಅಂಕಿ ಒಂದು, ಹಾಗಾಗಿ ಎರಡೂ ಇಲ್ಲ, ಐದೂ ಇಲ್ಲ. ಅಂಕಿಗಳನ್ನು ಕೂಡಿದರೆ 20, ಮೂರೂ ಹೋಯಿತು. ಏಳು ಮಾತ್ರ ಆಸೆ ಹುಟ್ಟಿಸುತ್ತದೆ: 576100 ಏಳರಿಂದ ಸರಿಯಾಗಿ ಭಾಗವಾಗುತ್ತದೆ, ನಮ್ಮದರಲ್ಲಿ ಒಂದು ಹೆಚ್ಚಾಯಿತು! ಹೀಗೆ ಎಲ್ಲಿಯವರೆಗೆ ಹೋಗಬೇಕು? 759ರವರೆಗೆ ಸಾಕು. 759ರ ವರ್ಗ 576081. 760ರ ವರ್ಗ ನಮ್ಮ ಸಂಖ್ಯೆಯನ್ನು ದಾಟುತ್ತದೆ. ಅದಕ್ಕಿಂತ ದೊಡ್ಡ ಭಾಜಕವಿದ್ದರೆ ಅದರ ಜೋಡಿ ಚಿಕ್ಕದಿರಲೇಬೇಕು, ಮೊದಲೇ ಸಿಕ್ಕಿರುತ್ತಿತ್ತು. ಅಷ್ಟರೊಳಗಿನ ಅವಿಭಾಜ್ಯ ಸಂಖ್ಯೆಗಳು, ಅಂದರೆ ಒಂದು ಮತ್ತು ತನ್ನಿಂದ ಮಾತ್ರ ಭಾಗವಾಗುವವು, 134. ಒಂದೊಂದರಿಂದಲೂ ಭಾಗಿಸಿ ನೋಡಿ, ಪ್ರತಿ ಸಲವೂ ಏನಾದರೂ ಉಳಿದೇ ಉಳಿಯುತ್ತದೆ. ಅಂದರೆ ಉಡುಪಿಯ ಪಿನ್ ಅವಿಭಾಜ್ಯ. ಈ ಗಾತ್ರದಲ್ಲಿ ಸುಮಾರು ಹದಿಮೂರಕ್ಕೊಂದು ಸಂಖ್ಯೆ ಹೀಗಿರುತ್ತದೆ, ಪವಾಡವೇನೂ ಅಲ್ಲ. ಆದರೂ ಉಡುಪಿಯವರು ಸ್ವಲ್ಪ ಜಂಬ ಪಡಲಿ ಬಿಡಿ.

ನನಗೆ ಇದಕ್ಕಿಂತ ಹಿಡಿಸಿದ್ದು ಇನ್ನೊಂದು ಗುಣ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಇನ್ನೊಬ್ಬ ಗಣಿತಜ್ಞ ಮರ್ಸೆನ್‌ಗೆ ಇದನ್ನು ತಿಳಿಸಿದ್ದೂ ಒಂದು ಕಾಗದದಲ್ಲೇ. ಇದು ಯಾಕೆ ನಿಜ ಎಂಬುದರ ಸಾಧನೆ ಮಾತ್ರ ಬರೆಯಲಿಲ್ಲ. ಅದನ್ನು ಗಣಿತಜ್ಞ ಆಯ್ಲರ್ ಕೊಡುವ ಹೊತ್ತಿಗೆ ನೂರು ವರ್ಷ ದಾಟಿತ್ತು. 576101ನ್ನು ನಾಲ್ಕರಿಂದ ಭಾಗಿಸಿದರೆ ಒಂದು ಉಳಿಯುತ್ತದೆ. ಹಾಗಾದರೆ ಆ ಎರಡು ವರ್ಗಗಳು ಎಲ್ಲಿ? 751ರ ವರ್ಗ 564001, 110ರ ವರ್ಗ 12100. ಕೂಡಿ ನೋಡಿ, ಉಡುಪಿ ಬಂತು.

ಮಂಗಳೂರಿನವರು ಬೇಸರ ಮಾಡಬೇಡಿ. 575001ರ ಅಂಕಿಗಳ ಮೊತ್ತ 18, ಒಂಬತ್ತರಿಂದ ಸಲೀಸಾಗಿ ಭಾಗವಾಗುತ್ತದೆ. ಪೂರ್ತಿ ಬಿಡಿಸಿದರೆ 9, 7 ಮತ್ತು 9127ರ ಗುಣಲಬ್ಧ. ಹೀಗೆ ಒಡೆಯುವ ಸಂಖ್ಯೆಗಳಿಗೂ ಗ್ರೀಕರು ಒಂದು ಪರೀಕ್ಷೆ ಇಟ್ಟಿದ್ದರು: ಆ ಸಂಖ್ಯೆಯೊಂದನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡುವುದು. ಮೊತ್ತ ಸಂಖ್ಯೆಗೆ ಸಮವಾದರೆ ಪರಿಪೂರ್ಣ, 6 ಮತ್ತು 28ರ ಹಾಗೆ. ಕಡಿಮೆಯಾದರೆ ನ್ಯೂನ, ಹೆಚ್ಚಾದರೆ ಸಮೃದ್ಧ. ಮಂಗಳೂರಿನ ಮೊತ್ತ 374311, ನ್ಯೂನ. ಉಡುಪಿಯದ್ದಂತೂ ಬರೀ ಒಂದು! ಅವಿಭಾಜ್ಯವಾಗಿದ್ದಕ್ಕೆ ತೆರಬೇಕಾದ ಬೆಲೆ ಅದು. ಪಕ್ಕದ ಮಣಿಪಾಲದ 576104 ಮಾತ್ರ 8, 23, 31, 101 ಎಂದು ಒಡೆದು, ಭಾಜಕಗಳ ಮೊತ್ತ 598936 ಆಗಿ ಸಮೃದ್ಧವೆನಿಸುತ್ತದೆ.

ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯ 575025ಕ್ಕೆ ತನ್ನನ್ನು ಬಿಟ್ಟು 47 ಭಾಜಕಗಳಿವೆ. ಕೂಡಿದರೆ 549903. ಇಪ್ಪತ್ತೈದು ಸಾವಿರದಷ್ಟು ಕಡಿಮೆಬಿದ್ದು ಅದೂ ನ್ಯೂನರ ಸಾಲಿನಲ್ಲೇ ಉಳಿಯಿತು. ನಿಮ್ಮೂರಿನದನ್ನು ಪರೀಕ್ಷಿಸುವುದಾದರೆ ಮೊದಲು ಅಂಕಿಗಳನ್ನು ಕೂಡಿ. ಮೂರು, ಒಂಬತ್ತರ ತೀರ್ಮಾನ ಅಲ್ಲೇ ಆಗಿಹೋಗುತ್ತದೆ. ನಮಸ್ಕಾರ.