ಡಿಲೀಟ್ ಒತ್ತಿದ ಮೇಲೆ ಡೇಟಾ ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹೆಚ್ಚಿನವರು ದಿನವೂ ಡೇಟಾಬೇಸ್ ಜೊತೆ ಏಗುವವರೇ, ಹಾಗಾಗಿ ಪೀಠಿಕೆ ಬೇಡ. ಡೇಟಾ ಇಡಲು ಹೊಸ ಟೇಬಲ್ ಮಾಡುವಾಗ ನಾವು ಏನೇನೋ ಕೇಳುತ್ತೇವೆ. ಯಾವ ಕಾಲಂ ಬೇಕು, ಬೇಗ ಹುಡುಕಲು ಯಾವುದಕ್ಕೆ ಇಂಡೆಕ್ಸ್, ದಿನಕ್ಕೆ ಎಷ್ಟು ಸಾಲು ಬರಬಹುದು. "ಇದು ಯಾವಾಗ ಹೋಗುತ್ತದೆ?" ಅಂತ ಮಾತ್ರ ಯಾರೂ ಕೇಳುವುದಿಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಅಷ್ಟೇ: ಆ ಪ್ರಶ್ನೆಯನ್ನು ಟೇಬಲ್ ಹುಟ್ಟುವ ದಿನವೇ ಕೇಳಿ.

ಆಶ್ಲಿ ಮ್ಯಾಡಿಸನ್ ಕಥೆ ನಿಮಗೆ ಗೊತ್ತಿರುತ್ತದೆ. ಮದುವೆಯಾದವರು ಗುಟ್ಟಾಗಿ ಬೇರೆ ಸಂಬಂಧ ಹುಡುಕುವ ಸೈಟು. 2015ರ ಜುಲೈನಲ್ಲಿ ಅದಕ್ಕೆ ಕನ್ನ ಬಿದ್ದ ಸುದ್ದಿ ಬಂತು, ಆಗಸ್ಟ್‌ನಲ್ಲಿ ಕೋಟಿಗಟ್ಟಲೆ ಜನರ ವಿವರ ಬಯಲಾಯಿತು. ಆ ಸೈಟಿನ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನನ್ನನ್ನು ಇವತ್ತಿಗೂ ಕಾಡುವುದು ಅಲ್ಲಿದ್ದ 'ಫುಲ್ ಡಿಲೀಟ್'. 19 ಡಾಲರ್ ಕೊಡಿ, ನಿಮ್ಮ ಗುರುತೇ ಇಲ್ಲದ ಹಾಗೆ ಅಳಿಸುತ್ತೇವೆ ಅಂತ ಮಾತು ಕೊಟ್ಟಿದ್ದರು. ಜನ ಹೆದರಿಕೊಂಡೇ ದುಡ್ಡು ಕಟ್ಟಿರುತ್ತಾರೆ, ಅಲ್ವಾ? ಆಮೇಲೆ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹಾಕಿದ ದೂರಿನಲ್ಲಿ ಏನಿತ್ತು ಗೊತ್ತಾ? ಫುಲ್ ಡಿಲೀಟ್ ಕೊಂಡವರ ಮಾಹಿತಿಯನ್ನು 12 ತಿಂಗಳವರೆಗೂ ಇಟ್ಟುಕೊಂಡಿದ್ದರು, ಕೆಲವರ ಪ್ರೊಫೈಲನ್ನು ತೆಗೆದೇ ಇರಲಿಲ್ಲ ಅಂತ. 2016ರ ಡಿಸೆಂಬರ್‌ನಲ್ಲಿ ಕಂಪನಿ 16 ಲಕ್ಷ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು.

ಇದರಲ್ಲಿ ನಮ್ಮ ಕೆಲಸಕ್ಕೆ ಹತ್ತಿರದ ವಿಷಯ ಒಂದಿದೆ. ದಾಳಿಕೋರರು ಆಗಲೇ ಬರೆದಿದ್ದರು: ಬಳಕೆದಾರರು ಕಾರ್ಡ್‌ನಲ್ಲಿ ದುಡ್ಡು ಕಟ್ಟುತ್ತಾರೆ, ಆ ಪೇಮೆಂಟ್ ವಿವರ ಅಳಿಯುವುದಿಲ್ಲ, ಅದರಲ್ಲಿ ನಿಜವಾದ ಹೆಸರು, ವಿಳಾಸ ಎರಡೂ ಇರುತ್ತವೆ ಅಂತ. ಅಂದರೆ ಪ್ರೊಫೈಲ್ ಒಂದು ಟೇಬಲ್‌ನಲ್ಲಿ, ಪೇಮೆಂಟ್ ಇನ್ನೊಂದರಲ್ಲಿ. ಡಿಲೀಟ್ ಕೋಡ್ ಬರೆಯುವವರ ಕಣ್ಣು ಮೊದಲನೆಯದರ ಮೇಲೆ. ಎರಡನೆಯದಕ್ಕೆ "ಇದು ಯಾವಾಗ ಹೋಗುತ್ತದೆ?" ಅಂತ ಕೇಳುವವರು ಯಾರು?

ಈಗ ನಮ್ಮ ಮನೆ ವಿಷಯಕ್ಕೆ ಬರೋಣ. ನಮ್ಮಲ್ಲಿ ಬಹಳ ಜನ ಸಾಲನ್ನು ತೆಗೆಯುವುದೇ ಇಲ್ಲ, 'ಡಿಲೀಟೆಡ್' ಅನ್ನುವ ಒಂದು ಗುರುತು, ಅಂದರೆ ಫ್ಲ್ಯಾಗ್, ಹಾಕಿ ಸುಮ್ನಾಗುತ್ತಾರೆ. ಸಾಫ್ಟ್ ಡಿಲೀಟ್. ಒಬ್ಬರು ಅಕೌಂಟ್ ಮುಚ್ಚಿ, ಆರು ತಿಂಗಳ ಮೇಲೆ ಅದೇ ಇಮೇಲ್ ಕೊಟ್ಟು ಮತ್ತೆ ಸೇರಲು ಬರುತ್ತಾರೆ ಅಂದುಕೊಳ್ಳಿ. 'ಈ ಇಮೇಲ್ ಈಗಾಗಲೇ ಬಳಕೆಯಲ್ಲಿದೆ' ಅಂತ ಪರದೆ ಮೇಲೆ ಬರುತ್ತದೆ, ಯಾಕೆಂದರೆ ಒಂದೇ ಇಮೇಲ್ ಎರಡು ಸಲ ಬರದ ಹಾಗೆ ತಡೆಯುವ ಯೂನಿಕ್ ಇಂಡೆಕ್ಸ್‌ಗೆ ನಿಮ್ಮ ಫ್ಲ್ಯಾಗ್ ಗೊತ್ತಿಲ್ಲ. ನಾವು ಅಳಿಸಿಲ್ಲ ಅಂತ ನಮ್ಮ ಸಾಫ್ಟ್‌ವೇರೇ ಅವರಿಗೆ ಹೇಳಿಬಿಟ್ಟಿತು! ಫ್ಲ್ಯಾಗ್ ಕೆಟ್ಟದ್ದು ಅಂತಲ್ಲ. ಕೈತಪ್ಪಿ ಅಳಿಸಿದ್ದನ್ನು ವಾಪಸ್ ತರಲು ಅದು ಬೇಕು. 2017ರ ಜನವರಿ 31ರಂದು ಕೋಡ್ ಇಡುವ ಸೈಟಾದ ಗಿಟ್‌ಲ್ಯಾಬ್‌ನಲ್ಲಿ ತಪ್ಪು ಸರ್ವರ್‌ನ ಡೇಟಾ ಡೈರೆಕ್ಟರಿ ಅಳಿಸಿಹೋಗಿ, ಬ್ಯಾಕಪ್‌ಗಳೂ ಕೈಕೊಟ್ಟು, ಸುಮಾರು ಆರು ಗಂಟೆಯ ಡೇಟಾ ಹೋಯಿತು. ಹಾಗಾಗಿ ಆತುರ ಬೇಡ. ಫ್ಲ್ಯಾಗ್ ಹಾಕಿ, 30 ದಿನ ಕಾಯಿರಿ, ಆಮೇಲೆ ನಿಜವಾಗಿ ಅಳಿಸುವ ಜಾಬ್, ಅಂದರೆ ತಾನಾಗಿ ಓಡುವ ಪ್ರೋಗ್ರಾಂ, ಓಡಿಸಿ. ಆ ಜಾಬ್ ನಿಂತುಹೋದರೆ ಯಾರಿಗಾದರೂ ಅಲರ್ಟ್ ಹೋಗಬೇಕು. ಬಹಳ ಕಡೆ ಕೆಟ್ಟು ಕೂರುವುದು ಈ ಜಾಬೇ, ಅದು ಕೆಟ್ಟರೆ ಯಾವ ಗ್ರಾಹಕರೂ ಫೋನ್ ಮಾಡುವುದಿಲ್ಲ.

ನಿಜವಾಗಿ ಅಳಿಸಿದರೂ ಮುಗಿಯಲಿಲ್ಲ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ ಡಿಲೀಟ್ ಕೊಟ್ಟರೆ ಸಾಲು ಸತ್ತ ಸಾಲಾಗಿ ಅಲ್ಲೇ ಬಿದ್ದಿರುತ್ತದೆ, ವ್ಯಾಕ್ಯೂಮ್ ಅನ್ನುವ ಕಸ ಗುಡಿಸುವ ಕೆಲಸ ಬರುವ ತನಕ. ಹಲವು ಸರ್ವರ್‌ಗಳಲ್ಲಿ ಡೇಟಾದ ಪ್ರತಿ ಇಡುವ ಕಸಾಂಡ್ರಾ ಡೇಟಾಬೇಸ್‌ನಲ್ಲಿ ಇನ್ನೂ ಮಜಾ ಇದೆ. ಅಲ್ಲಿ ಅಳಿಸುವುದು ಅಂದರೆ ಟೂಮ್‌ಸ್ಟೋನ್ ಅನ್ನುವ ಹೊಸ ಗುರುತು ಬರೆಯುವುದು. ಡೀಫಾಲ್ಟ್ ಆಗಿ 10 ದಿನ ಅದು ಇರುತ್ತದೆ, ಆಮೇಲೆ ಫೈಲುಗಳನ್ನು ಒಟ್ಟುಗೂಡಿಸಿ ಚೊಕ್ಕ ಮಾಡುವ ಕಾಂಪ್ಯಾಕ್ಷನ್‌ನಲ್ಲಿ ಹೋಗುತ್ತದೆ. ಒಂದು ನೋಡ್, ಅಂದರೆ ಆ ಸರ್ವರ್‌ಗಳಲ್ಲಿ ಒಂದು, ಅದಕ್ಕಿಂತ ಜಾಸ್ತಿ ದಿನ ಮಲಗಿದ್ದು ಹಾಗೇ ಎದ್ದು ಬಂದರೆ? ಅದರ ಹತ್ತಿರ ಹಳೇ ಸಾಲು ಇದೆ, ಉಳಿದವುಗಳ ಹತ್ತಿರ ಗುರುತು ಅಳಿಸಿಹೋಗಿದೆ. ಸತ್ತ ಡೇಟಾ ಎದ್ದು ಎಲ್ಲ ಕಡೆ ಹರಡುತ್ತದೆ. ಜಾಂಬಿ ಡೇಟಾ ಅಂತಲೇ ಕರೆಯುತ್ತಾರೆ.

ಬ್ಯಾಕಪ್‌ನಲ್ಲೂ ಇದೇ ಗತಿ. ಇವತ್ತು ಅಳಿಸಿದವರು ನಿನ್ನೆಯ ಬ್ಯಾಕಪ್‌ನಲ್ಲಿ ಇದ್ದಾರೆ. ರಿಸ್ಟೋರ್ ಮಾಡಿದ ದಿನ ಅವರೆಲ್ಲ ವಾಪಸ್. ಯಾರ್‍ಯಾರನ್ನು ಅಳಿಸಿದ್ದೇವೆ ಅನ್ನುವ ಪಟ್ಟಿ, ಬರೀ ಐಡಿಗಳು ಸಾಕು, ಬೇರೆ ಕಡೆ ಇಡಿ. ರಿಸ್ಟೋರ್ ಆದ ತಕ್ಷಣ, ಬಳಕೆದಾರರನ್ನು ಒಳಗೆ ಬಿಡುವ ಮೊದಲು ಆ ಪಟ್ಟಿಯಲ್ಲಿರುವವರನ್ನು ಮತ್ತೆ ಅಳಿಸಿ. ಇನ್ನೊಂದು ದಾರಿ, ಪ್ರತಿ ಬಳಕೆದಾರರ ಡೇಟಾವನ್ನು ಅವರದ್ದೇ ಕೀಯಿಂದ ಎನ್‌ಕ್ರಿಪ್ಟ್ ಮಾಡಿ, ಅಂದರೆ ಕೀ ಇಲ್ಲದೆ ಓದಲಾಗದ ಹಾಗೆ ಮಾಡಿ, ಅಳಿಸುವಾಗ ಕೀಯನ್ನು ನಾಶ ಮಾಡುವುದು. ಒಳ್ಳೆಯ ಉಪಾಯ, ಆದರೆ ಕೀಗಳೂ ಅದೇ ಬ್ಯಾಕಪ್‌ನಲ್ಲಿ ಕೂತಿದ್ದರೆ ಮಾಡಿದ್ದೆಲ್ಲ ದಂಡ.

ಐದೇ ನಿಮಿಷ ಅಂತ ಕೈ ತೋರಿಸುತ್ತಿದ್ದಾರೆ. ಕಾನೂನಿನ ಬಗ್ಗೆ ತುಂಬಾ ಇಟ್ಟುಕೊಂಡಿದ್ದೆ, ಎರಡೇ ಮಾತು ಹೇಳುತ್ತೇನೆ. ಯುರೋಪಿನ ಡೇಟಾ ರಕ್ಷಣೆ ಕಾನೂನಾದ ಜಿಡಿಪಿಆರ್ 2018ರ ಮೇ 25ರಿಂದ ಜಾರಿಯಲ್ಲಿದೆ. ಅದರ 17ನೇ ವಿಧಿ ಅಳಿಸಿ ಅಂತ ಕೇಳುವ ಹಕ್ಕು ಕೊಡುತ್ತದೆ, ಕೇಳಿದವರಿಗೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಕಾನೂನಿನ ಪ್ರಕಾರ ಇಡಲೇಬೇಕಾದ್ದನ್ನು ಇಡಬಹುದು ಅಂತಲೂ ಅದೇ ವಿಧಿ ಹೇಳುತ್ತದೆ. ಹಾಗಾಗಿ ಇನ್‌ವಾಯ್ಸ್ ಇರಲಿ, ಅದರ ನೆಪದಲ್ಲಿ ಚಾಟ್, ಫೋಟೋ, ಲೊಕೇಶನ್ ಇಟ್ಟುಕೊಳ್ಳಬೇಡಿ. ಕೋರ್ಟ್ ಕೇಸಿಗಾಗಿ ತಡೆಹಿಡಿದ ಡೇಟಾ ಬೇರೆಯೇ ಕಥೆ, ಅದನ್ನು ಇವತ್ತು ಬಿಡುತ್ತೇನೆ.

ಕೊನೆಗೆ ಒಂದು ಕೆಲಸ. ಎಲ್ಲೂ ಕೇಳಿರದ ವಿಚಿತ್ರ ಹೆಸರಿನಲ್ಲಿ ಒಂದು ಟೆಸ್ಟ್ ಅಕೌಂಟ್ ತೆರೆಯಿರಿ. ಒಂದು ವಾರ ಬಳಸಿ, ಒಂದು ಸಪೋರ್ಟ್ ಟಿಕೆಟ್ ಹಾಕಿ, ಆಮೇಲೆ ಅಳಿಸಿ. ನೀವು ಹೇಳಿಕೊಂಡ ಗಡುವು ಮುಗಿದ ಮೇಲೆ ಆ ಹೆಸರನ್ನು ಹುಡುಕಿ: ಲಾಗ್, ಸರ್ಚ್ ಇಂಡೆಕ್ಸ್, ಅನಲಿಟಿಕ್ಸ್ ಟೇಬಲ್, ಸಪೋರ್ಟ್ ಟೂಲ್, ಯಾರೋ ಡೌನ್‌ಲೋಡ್ ಮಾಡಿಟ್ಟ ಎಕ್ಸೆಲ್ ಶೀಟ್. ಸಿಕ್ಕ ಒಂದೊಂದು ಜಾಗಕ್ಕೂ ಒಂದೊಂದು ಟಿಕೆಟ್ ತೆರೆದು, ಯಾರ ಜವಾಬ್ದಾರಿ ಅಂತ ಹೆಸರು ಬರೆಯಿರಿ. ಪ್ರಶ್ನೆಗಳಿದ್ದರೆ ಹೊರಗಡೆ ಸಿಗುತ್ತೇನೆ, ಧನ್ಯವಾದ.