ನೂರು ರೂಪಾಯಿ ಎಲ್ಲಿಗೆ ಹೋಯಿತು?

ಕೇಳುಗರಿಗೆಲ್ಲ ನಮಸ್ಕಾರ.

ಡಿಗ್ರಿಯ ಕೊನೆಯ ಸೆಮಿಸ್ಟರ್‌ನಲ್ಲಿ ಇರುವವರು, ಅವರ ಪಕ್ಕದಲ್ಲಿ ಕೂತು 'ಮುಂದೇನು' ಅಂತ ಯೋಚನೆ ಮಾಡುತ್ತಿರುವ ಅಪ್ಪ, ಅವ್ವ, ಇವರೆಲ್ಲ ರೇಡಿಯೋ ಹತ್ತಿರ ಇದ್ದಾರೆ ಅಂದುಕೊಂಡೇ ಈ ಮಾತು ಆಡುತ್ತಿದ್ದೇನೆ. ವಿಷಯ, ಜವಾಬ್ದಾರಿಯುತ ಪ್ರವಾಸೋದ್ಯಮ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ. ಹೆಸರು ಉದ್ದ ಆಯಿತು, ಅದಕ್ಕೆ ಹೆದರಬೇಡಿ. ಎರಡು ವರ್ಷದ ಓದೆಲ್ಲ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ. ಊರಿಗೆ ಬಂದವರು ನೂರು ರೂಪಾಯಿ ಖರ್ಚು ಮಾಡಿದರು. ಅದರಲ್ಲಿ ಊರೊಳಗೆ ಉಳಿದದ್ದು ಎಷ್ಟು? ಈ ಲೆಕ್ಕ ಹಾಕಲು ಬಂದರೆ ಪದವಿ ಬಂದ ಹಾಗೆ. ಬರದಿದ್ದರೆ ಕೈಯಲ್ಲಿ ಪ್ರಮಾಣಪತ್ರ ಇದ್ದರೂ ಓದು ಬಂದಿಲ್ಲ ಅಂತಲೇ ಅರ್ಥ.

'ಟೂರಿಸಂ ಓದಿ ಗೈಡ್ ಆಗ್ತೀಯೇನು?' ಅಂತ ಮನೆಯಲ್ಲಿ ಕೇಳುತ್ತಾರೆ. ಗೈಡ್ ಕೆಲಸ ಮರ್ಯಾದೆಯ ಕೆಲಸವೇ, ಆದರೆ ಈ ಪದವಿ ಅದಕ್ಕಲ್ಲ. ಕೋಟೆಯೊಳಗೆ ದಿನಕ್ಕೆ ಎಷ್ಟು ಜನ ಹೋಗಬೇಕು, ಬಸ್ಸು ಎಲ್ಲಿ ನಿಲ್ಲಬೇಕು, ಹೋಟೆಲಿನವರು ಯಾರ ಹೊಲದ ಬದನೆಕಾಯಿ ಕೊಳ್ಳಬೇಕು, ಜಾತ್ರೆ ಮುಗಿದ ಮರುದಿನ ಕಸ ಯಾರ ಲೆಕ್ಕಕ್ಕೆ ಬೀಳಬೇಕು, ಇದನ್ನು ಅಂಕಿ ಇಟ್ಟು ಹೇಳುವ ಕೆಲಸ ಇದು. ತಿರುಗಾಡುವ ಚಟ ಇದೆ ಅಂತ ಈ ಓದಿಗೆ ಬರುವವರಿಗೆ ಒಂದು ಮಾತು: ಟಿಕೆಟ್ ತೆಗೆದು ತಿರುಗಾಡಿ ಬನ್ನಿ, ಫೀ ಉಳಿಯುತ್ತದೆ.

ಈ ವಿಚಾರಕ್ಕೆ ಗಟ್ಟಿ ರೂಪ ಬಂದದ್ದು 2002ರಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ. ಅಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮದ ಬಗ್ಗೆ ನಡೆದ ಸಮ್ಮೇಳನದಲ್ಲಿ ಒಂದು ಘೋಷಣೆ ಹೊರಬಿತ್ತು. ಅದರ ಸಾರ ಎರಡು ತುಂಡು. ಮೊದಲು, ಊರು ಬಾಳುವವರಿಗೆ ಚೆನ್ನಾಗಿರಬೇಕು. ಆಮೇಲೆ, ನೋಡಲು ಬರುವವರಿಗೆ ಚೆನ್ನಾಗಿರಬೇಕು. ಯಾವುದು ಮೊದಲು ಅನ್ನುವುದನ್ನು ಗಮನಿಸಿ. ನಮ್ಮಲ್ಲಿ ಇದು ಸಾಮಾನ್ಯವಾಗಿ ತಿರುವುಮುರುವು. ಮಂತ್ರಿಗಳು ಬರುತ್ತಾರೆ ಅಂದಾಗ ಸುಣ್ಣ ಬಳಿಯುತ್ತೇವೆ, ಅದೇ ಓಣಿಯ ನಲ್ಲಿಗೆ ನೀರು ಬಂದು ಎಷ್ಟು ದಿನ ಆಯಿತು ಅಂತ ಕೇಳುವುದಿಲ್ಲ.

ಕೇಪ್‌ಟೌನ್ ಆದ ಮೇಲೆ ಎರಡನೆಯ ಸಮ್ಮೇಳನ 2008ರಲ್ಲಿ ನಡೆದದ್ದು ನಮ್ಮ ದೇಶದಲ್ಲೇ, ಕೊಚ್ಚಿಯಲ್ಲಿ. ಆ ಹೊತ್ತಿಗೆ ಕೇರಳ ಸರ್ಕಾರ ನಾಲ್ಕು ಕಡೆ ಪ್ರಯೋಗಕ್ಕೆ ಇಳಿದಿತ್ತು: ಕೋವಳಂ, ಕುಮರಕೋಂ, ತೇಕ್ಕಡಿ, ವಯನಾಡು. ಇದರಲ್ಲಿ ಕುಮರಕೋಂ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಡೀ ಪಠ್ಯ ಅದರೊಳಗಿದೆ.

ಕುಮರಕೋಂ ಅಂದರೆ ಕೋಟ್ಟಯಂ ಜಿಲ್ಲೆಯ ಒಂದು ಊರು, ವೆಂಬನಾಡ್ ಕೆರೆಯ ದಂಡೆ. ದಂಡೆಯುದ್ದಕ್ಕೂ ದೊಡ್ಡ ದೊಡ್ಡ ರೆಸಾರ್ಟ್. ಒಳಗೆ ವಿದೇಶಿ ಅತಿಥಿಗಳು, ಹೊರಗೆ ಬೇಲಿ. ಮೀನು ಹಿಡಿಯುವವರಿಗೆ ನೀರಿಗೆ ಇಳಿಯಲು ದಾರಿ ಕಿರಿದಾಯಿತು ಅಂತ ಸಿಟ್ಟು. ಊರಿಗೂ ರೆಸಾರ್ಟಿಗೂ ಮಾತಿಲ್ಲ. ಹೋಟೆಲ್ ಅಡುಗೆಮನೆಗೆ ತರಕಾರಿ ಹೊರಗಿನ ಪೇಟೆಯಿಂದ ಲಾರಿಯಲ್ಲಿ ಬರುತ್ತಿತ್ತು. ಆಗ ಪಂಚಾಯಿತಿ, ಇಲಾಖೆ, ಹೋಟೆಲಿನವರು ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸಿ ಕೇಳಿದ ಪ್ರಶ್ನೆ ತೀರ ಸಾದಾ: ನಿಮ್ಮ ಅಡುಗೆಮನೆಗೆ ದಿನಾ ಏನೇನು ಬೇಕು, ಎಷ್ಟು ಕಿಲೋ ಬೇಕು, ಪಟ್ಟಿ ಕೊಡಿ. ಆ ಪಟ್ಟಿ ಹಿಡಿದು ಕುಟುಂಬಶ್ರೀ ಗುಂಪಿನ ಹೆಣ್ಣುಮಕ್ಕಳ ಹತ್ತಿರ ಹೋದರು. ಕುಟುಂಬಶ್ರೀ ಅಂದರೆ ನಮ್ಮ ಸ್ವಸಹಾಯ ಸಂಘಗಳ ಹಾಗೆಯೇ. ಬೆಳೆಯುತ್ತೀರಾ? ಬೆಳೆಯುತ್ತೇವೆ ಅಂದರು.

ಸುಖಾಂತ ಆಯಿತು ಅಂದುಕೊಂಡಿರಾ? ಇಲ್ಲಿಂದಲೇ ತೊಡಕು. ಅಡುಗೆಮನೆಗೆ ಇವತ್ತು ಇಪ್ಪತ್ತು ಕಿಲೋ ಬೆಂಡೆ ಬೇಕಾದರೆ ನಾಳೆಯೂ ಇಪ್ಪತ್ತೇ ಬೇಕು. ಹಿತ್ತಲು ಹಾಗಲ್ಲ. ಒಂದು ವಾರ ಏನೂ ಇರುವುದಿಲ್ಲ, ಮರುವಾರ ಎಲ್ಲರ ಮನೆಯ ಬೆಂಡೆಯೂ ಒಟ್ಟಿಗೆ ಬಲಿಯುತ್ತದೆ. ಎರಡನೆಯದು, ದುಡ್ಡು. ದೊಡ್ಡ ಹೋಟೆಲಿನವರು ತಿಂಗಳ ಬಿಲ್ ಮಾಡಿ ಆಮೇಲೆ ಕೊಡುವವರು. ತರಕಾರಿ ಬುಟ್ಟಿ ಹೊತ್ತು ತಂದವಳಿಗೆ ಸಂಜೆಗೇ ಅಕ್ಕಿಗೆ ದುಡ್ಡು ಬೇಕು. ಮೂರನೆಯದು, ದರ. ಪೇಟೆಯಲ್ಲಿ ಬೆಲೆ ಏರಿದ ದಿನ ಬೆಳೆದವರಿಗೆ ಹೊಟ್ಟೆಯುರಿ, ಇಳಿದ ದಿನ ಹೋಟೆಲಿನವರಿಗೆ. ಹೀಗೆ ಮೂರು ಕಡೆ ಒಡಕು.

ಭಾಷಣದಿಂದ ಒಡಕು ಮುಚ್ಚಲಿಲ್ಲ, ವ್ಯವಸ್ಥೆಯಿಂದ ಮುಚ್ಚಿತು. ದರಕ್ಕೆ ಒಂದು ಸಮಿತಿ, ಗುಣಮಟ್ಟಕ್ಕೆ ಇನ್ನೊಂದು. ನಡುವೆ 'ಸಮೃದ್ಧಿ' ಅಂತ ಹೆಣ್ಣುಮಕ್ಕಳೇ ನಡೆಸುವ ಒಂದು ಅಂಗಡಿ. ಬೆಳೆದವರು ಅಲ್ಲಿಗೆ ತಂದು ಹಾಕುವುದು, ಹೋಟೆಲಿಗೆ ಅಲ್ಲಿಂದ ಹೋಗುವುದು. ಯಾರು ಯಾವಾಗ ಬಿತ್ತಬೇಕು ಅಂತ ಸರದಿ ಇದ್ದರೆ ಎಲ್ಲರ ಬೆಂಡೆ ಒಂದೇ ವಾರ ಬರುವುದಿಲ್ಲ. ಜತೆಗೆ ಹಗ್ಗ ಹೊಸೆಯುವುದು, ಗರಿ ಹೆಣೆಯುವುದು, ಮೀನು ಹಿಡಿಯುವುದು ನೋಡಲು ಅತಿಥಿಗಳನ್ನು ಊರೊಳಗೆ ಕರೆದೊಯ್ಯುವ ತಿರುಗಾಟ ಶುರುವಾಯಿತು, ತೋರಿಸಿದವರಿಗೆ ದುಡ್ಡು ಬಂತು. ನೆನಪಿಡಿ, ಕೇರಳದ ಈ ಪ್ರಯೋಗ ನಿಂತದ್ದು ಕೆರೆಯ ಸೌಂದರ್ಯದ ಮೇಲಲ್ಲ. ಬೆಂಡೆಕಾಯಿಯ ಲೆಕ್ಕದ ಮೇಲೆ. ನೂರು ರೂಪಾಯಿಯಲ್ಲಿ ಎಷ್ಟು ಉಳಿಯಿತು ಅಂತ ಯಾರೋ ಬರೆದಿಟ್ಟುಕೊಂಡರು, ಅದಕ್ಕೆ.

ಇನ್ನು ನಮ್ಮ ಬೀದರ್‌ಗೆ ಬನ್ನಿ. ಹೈದರಾಬಾದಿನಿಂದ ಒಂದು ಕುಟುಂಬ ಕಾರಿನಲ್ಲಿ ಬಂತು, ಐದು ಸಾವಿರ ಖರ್ಚು ಮಾಡಿತು ಅಂತ ಇಟ್ಟುಕೊಳ್ಳಿ. ಇದು ಲೆಕ್ಕ ಕಲಿಯಲು ಹಿಡಿದ ಅಂಕಿ, ಸಮೀಕ್ಷೆಯದಲ್ಲ. ಸಾವಿರದ ಐನೂರು ಪೆಟ್ರೋಲಿಗೆ, ಅದನ್ನು ಅಲ್ಲೇ ತುಂಬಿಸಿಕೊಂಡು ಬಂದರು. ನಮಗೆ ಸೊನ್ನೆ. ಎರಡು ಸಾವಿರ ಕೋಣೆಗೆ. ಆ್ಯಪಿನ ಕಮಿಷನ್ ಹೋಯಿತು, ಮಾಲೀಕರು ಬೇರೆ ಊರಿನವರು, ನಮ್ಮ ಹುಡುಗರ ಸಂಬಳಕ್ಕೆ ಸಿಕ್ಕಿದ್ದು ಐನೂರು. ಊಟಕ್ಕೆ ಸಾವಿರ, ಪನೀರು, ಪ್ಯಾಕೆಟ್ ಮಸಾಲೆ ಎಲ್ಲ ಹೊರಗಿನದು, ಇಲ್ಲಿ ಉಳಿದದ್ದು ಇನ್ನೂರೈವತ್ತು. ಇನ್ನೈನೂರಕ್ಕೆ ವ್ಯಾಪಾರಿಯ ಹತ್ತಿರ ಒಂದು ಬಿದ್ರಿ ಡಬ್ಬಿ ಕೊಂಡರು, ಮಾಡಿದವನಿಗೆ ನೂರು. ಕೂಡಿಸಿ. ಎಂಟುನೂರೈವತ್ತು. ನೂರಕ್ಕೆ ಹದಿನೇಳು.

ಅದೇ ಕುಟುಂಬ ಬೀದರ್‌ನವರ ಮನೆಯಲ್ಲೇ ಉಳಿದರೆ ಎರಡು ಸಾವಿರದಲ್ಲಿ ಸಾವಿರದ ಆರುನೂರು ಇಲ್ಲೇ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡರೆ ಸಾವಿರದಲ್ಲಿ ಆರುನೂರು ಇಲ್ಲೇ. ಡಬ್ಬಿಯನ್ನು ಕುಶಲಕರ್ಮಿಯ ಮನೆಗೇ ಹೋಗಿ ಕೊಂಡರೆ ಮುನ್ನೂರು. ಒಟ್ಟು ಎರಡೂವರೆ ಸಾವಿರ, ನೂರಕ್ಕೆ ಐವತ್ತು. ಪ್ರವಾಸಿ ಒಬ್ಬನೂ ಹೆಚ್ಚಾಗಲಿಲ್ಲ, ಉಳಿದದ್ದು ಸುಮಾರು ಮೂರು ಪಟ್ಟು. ಹೋದ ವರ್ಷಕ್ಕಿಂತ ಇಷ್ಟು ಲಕ್ಷ ಪ್ರವಾಸಿಗರು ಹೆಚ್ಚಾದರು ಅಂತ ಹೇಳಿ ಎದೆ ತಟ್ಟಿಕೊಳ್ಳುವವರಿಗೆ ಈ ಲೆಕ್ಕ ಯಾರಾದರೂ ತೋರಿಸಬೇಕು.

ಬಿದ್ರಿಯಲ್ಲಿ ಐನೂರಕ್ಕೆ ಮುನ್ನೂರೇ ಯಾಕೆ ಅಂತ ಕೇಳಿದಿರಾ? ಒಳ್ಳೆಯ ಪ್ರಶ್ನೆ. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು, ಮೇಲೆ ಬೆಳ್ಳಿ ತಂತಿ. ಈ ಮೂರೂ ಬೀದರ್‌ನಲ್ಲಿ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತವೆ. ಬೀದರ್‌ನದು ಅಂದರೆ ಕೋಟೆಯ ಹಳೇ ಮಣ್ಣು ಮತ್ತು ಕೈ. ಆ ಮಣ್ಣನ್ನು ನವಸಾಗರದ ಜತೆ ಕಲಸಿ ಹಚ್ಚಿದರೆ ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆದ್ದರಿಂದ ಊರಲ್ಲಿ ಉಳಿಯುವುದು ಕೂಲಿ ಒಂದೇ. ಚೌಕಾಸಿ ಮಾಡಿ ನೂರು ಇಳಿಸಿದಿರಿ ಅಂದರೆ ಬೆಳ್ಳಿಯ ಬೆಲೆ ಇಳಿಯುವುದಿಲ್ಲ, ಅವನ ಕೂಲಿ ಇಳಿಯುತ್ತದೆ. 2006ರಲ್ಲಿ ಬಂದ ಭೌಗೋಳಿಕ ಸೂಚಕದ ಮಾನ್ಯತೆ ಹೆಸರನ್ನು ಕಾಯುತ್ತದೆ, ಕೂಲಿಯನ್ನಲ್ಲ.

ಎರಡನೆಯ ಲೆಕ್ಕ, ಧಾರಣ ಸಾಮರ್ಥ್ಯ. ಒಂದು ಜಾಗ ಎಷ್ಟು ಜನರನ್ನು ತಾಳುತ್ತದೆ ಅನ್ನುವುದು. ಸಿಫುಯೆಂಟಿಸ್ ಅನ್ನುವ ತಜ್ಞರು 1992ರಲ್ಲಿ ಕೋಸ್ಟರಿಕಾದಲ್ಲಿ ಪ್ರಕಟಿಸಿದ ವಿಧಾನವನ್ನು ಹಲವು ಕಡೆ ಕಲಿಸುತ್ತಾರೆ, ಮೂರು ಮೆಟ್ಟಿಲು. ಬೀದರ್‌ನ ಝರಣಿ ನರಸಿಂಹನ ಗುಹೆ ನಿಮಗೆ ಗೊತ್ತೇ ಇದೆ, ಎದೆಮಟ್ಟ ನೀರಲ್ಲಿ ನಡೆದು ಹೋಗಬೇಕು, ತಲೆ ಮೇಲೆ ಬಾವಲಿ. ಗುಹೆ ಉದ್ದ ಇದೆ, ಸಾವಿರ ಜನ ಹಿಡಿಸಬಹುದು ಅನ್ನುತ್ತೀರಿ. ಅಲ್ಲ. ಲೆಕ್ಕ ಇಡಬೇಕಾದ್ದು ಅತಿ ಇಕ್ಕಟ್ಟಿನ ಜಾಗದಲ್ಲಿ, ಅಂದರೆ ದೇವರ ಮುಂದೆ. ಅಲ್ಲಿ ಒಮ್ಮೆಗೆ ಎಂಟು ಜನ, ಎರಡು ನಿಮಿಷ ಅಂತ ಹಿಡಿಯಿರಿ. ಗಂಟೆಗೆ ಮೂವತ್ತು ಸರದಿ, ಇನ್ನೂರನಲವತ್ತು ಜನ. ಎಂಟು ಗಂಟೆಗೆ 1,920. ಇದು ಮೊದಲ ಮೆಟ್ಟಿಲು. ಗಾಳಿಯಾಡಲು ಕಾಲು ಭಾಗ ಹೊತ್ತು ಖಾಲಿ ಬಿಡಬೇಕು ಅಂದರೆ 1,440. ಎರಡನೆಯದು. ಕಾಯಲು ಹತ್ತು ಜನ ಬೇಕು, ಇರುವವರು ಐದು, ಅಂದರೆ 720. ಇದು ಮೂರನೆಯದು, ನಿಜವಾದ ಅಂಕಿ. ಮೊದಲ ಮೆಟ್ಟಿಲಲ್ಲೇ ನಿಂತು ವರದಿ ಕೊಡುವವರಿಂದ ಅನಾಹುತ ಆಗುತ್ತದೆ.

ಹೊತ್ತು ಆಗುತ್ತಾ ಬಂತು, ಕುಮರಕೋಂ ಸ್ವಲ್ಪ ಜಾಸ್ತಿ ತಿಂದಿತು. ಎಲ್ಲಿ ಓದಬೇಕು ಅನ್ನುವುದನ್ನು ಬೇಗ ಹೇಳುತ್ತೇನೆ. ಇದೇ ಹೆಸರಿನ ಪದವಿ ನಮ್ಮ ದೇಶದಲ್ಲಿ ಅಪರೂಪ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಇದೇ ಹೆಸರಿನ ಎಂ.ಎಸ್‌ಸಿ. ಬೆಳೆಯಿತು. ಅಲ್ಲಿನ ಮಾಸ್ಟರ್ಸ್ ಸಾಮಾನ್ಯವಾಗಿ 180 ಕ್ರೆಡಿಟ್, ಅದರಲ್ಲಿ 60 ಪ್ರಬಂಧಕ್ಕೇ. ಇಲ್ಲಿ ಪ್ರವಾಸೋದ್ಯಮದ ಎಂ.ಬಿ.ಎ. ಅಥವಾ ಎಂ.ಟಿ.ಟಿ.ಎಂ., ಅಂದರೆ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣೆಯ ಸ್ನಾತಕೋತ್ತರ ಪದವಿ, ಎರಡು ವರ್ಷ, ಯಾವ ಡಿಗ್ರಿ ಆದವರೂ ಸೇರಬಹುದು. ಕಲಬುರಗಿ ಜಿಲ್ಲೆ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮದ ವಿಭಾಗವೇ ಇದೆ, ಸೇರಲು ಸಿ.ಯು.ಇ.ಟಿ. ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಗ್ವಾಲಿಯರ್‌ನಲ್ಲಿ ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆ ಇದೆ, 1983ರಲ್ಲಿ ಶುರುವಾದದ್ದು. ಕೆಲಸ ಮಾಡುತ್ತಾ ಓದುವವರಿಗೆ ದೂರಶಿಕ್ಷಣದ ಇಗ್ನೋ. ಸೇರುವ ಮೊದಲು ಪಠ್ಯಕ್ರಮ ತೆಗೆದು ಎರಡೇ ನೋಡಿ: ಸಂಖ್ಯಾಶಾಸ್ತ್ರದ ಪತ್ರಿಕೆ ಇದೆಯೇ, ಕ್ಷೇತ್ರಕಾರ್ಯ ಎಷ್ಟು ವಾರ. ಬರೀ ವಿಮಾನ ಟಿಕೆಟ್ ಬುಕಿಂಗ್ ಕಲಿಸುವ ಕಡೆ ಈ ಲೆಕ್ಕ ಸಿಗುವುದಿಲ್ಲ.

ಪ್ರಬಂಧಕ್ಕೆ ದೂರ ಹೋಗಬೇಡಿ. ಸನ್ನತಿ, ಕನಗನಹಳ್ಳಿ ಇವೆ, ಅಶೋಕನ ಹೆಸರು ಕೆತ್ತಿದ ಅಶೋಕನ ಶಿಲ್ಪ ಅಲ್ಲಿದೆ. ಮಳಖೇಡ ಇದೆ, ಸುರಪುರ ಇದೆ, ಶಹಾಪುರದ ಮಲಗಿದ ಬುದ್ಧನ ಬೆಟ್ಟ ಇದೆ, ಗಾಣಗಾಪುರ ಇದೆ. ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕರಲ್ಲೂ ಮಾತಾಡಿಸಬಲ್ಲ ನಮ್ಮ ಹುಡುಗ ಹುಡುಗಿಯರಿಗೆ ಇರುವ ಅನುಕೂಲ ದೆಹಲಿಯಿಂದ ಬಂದವರಿಗೆ ಇಲ್ಲ.

ಎಡವುವುದು ಎಲ್ಲಿ ಅಂತಲೂ ಹೇಳಿಬಿಡುತ್ತೇನೆ. 'ಎಷ್ಟು ಖರ್ಚಾಯಿತು' ಅಂತ ಒಳಗೆ ಹೋಗುವವರನ್ನು ಕೇಳುತ್ತಾರೆ. ಅವರು ಇನ್ನೂ ಖರ್ಚೇ ಮಾಡಿಲ್ಲ! ಹೊರಗೆ ಬರುವವರನ್ನು ಕೇಳಿ. ಗುರುವಾರ, ಹುಣ್ಣಿಮೆ ದಿನ ಮಾತ್ರ ಗಾಣಗಾಪುರಕ್ಕೆ ಹೋಗಿ ಫಾರಂ ತುಂಬಿಸಿದರೆ ವರ್ಷವೆಲ್ಲ ಹಾಗೇ ಅನ್ನುವ ಸುಳ್ಳು ಉತ್ತರ ಬರುತ್ತದೆ, ಖಾಲಿ ಮಂಗಳವಾರವೂ ಹೋಗಿ. ಗುಡಿ ಬಾಗಿಲ ಅಂಗಡಿಯವರನ್ನಷ್ಟೇ ಕೇಳಿ ಬರಬೇಡಿ, ನಾಲ್ಕು ಓಣಿ ಆಚೆ ಇರುವ ರೊಟ್ಟಿ ಬಡಿಯುವ ಅವ್ವನನ್ನೂ ಕೇಳಿ. 'ಪ್ರವಾಸಿಗರು ಬಂದರೆ ಖುಷಿಯೇ?' ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. 'ಹಿಂದಿನ ಹುಣ್ಣಿಮೆಗೆ ಎಷ್ಟು ರೊಟ್ಟಿ ಹೋದವು, ಜೋಳ ಎಲ್ಲಿಂದ ತಂದಿರಿ?' ಅಂತ ಕೇಳಿ. ಪ್ರಶ್ನೆ ಹದಿನೈದು ದಾಟಿದರೆ ಜನ ಎದ್ದು ಹೋಗುತ್ತಾರೆ. ಮೊದಲು ಇಪ್ಪತ್ತು ಪ್ರತಿ ಮಾತ್ರ ಜೆರಾಕ್ಸ್ ಮಾಡಿಸಿ, ಪ್ರಯೋಗಕ್ಕೆ. ಹತ್ತು ಕೆಡುತ್ತವೆ, ಪ್ರಶ್ನೆ ತಿದ್ದಿ ಆಮೇಲೆ ಇನ್ನೂರು ಮಾಡಿಸಿ. ಮುಂಜಾನೆ ಬಸ್ಸಿಗೆ ಹೋಗಿ, ಬಿಸಿಲು ಏರುವ ಮೊದಲು ಕೆಲಸ ಮುಗಿಸಿ, ಪೆನ್ನು ಎರಡು ಇಟ್ಟುಕೊಳ್ಳಿ. ನಮಸ್ಕಾರ.